ಶ್ರಾವಣ ಬಿಟ್ಟ ಮೇಲೆ ನೋಡೋಣ

ಮಸ್ಕಿಯ ಖಾನಾವಳಿಗಳಲ್ಲಿ ಉಂಡವರಿಗೆ ಆದಮ್ಮನ ಹೆಸರು ಗೊತ್ತಿರಲಿಕ್ಕಿಲ್ಲ, ಆಕೆಯ ಕೈ ಗೊತ್ತಿರುತ್ತದೆ. ತೆಳ್ಳಗಿನ, ಮುರಿದರೆ ಪಕ್ಕದ ಮೇಜಿಗೂ ಕೇಳಿಸುವಂಥ ಖಡಕ್ ಜೋಳದ ರೊಟ್ಟಿ. ಸಂತೆಕಲ್ಲೂರಿನ ತನ್ನ ಮನೆಯಲ್ಲಿ ಬಡಿದು, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಶೇರ್ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಾಳೆ. ಆಟೋ ಗುಂಡಿಗೆ ಇಳಿದರೆ ಸಾಕು, “ಲೇ, ಕೂಸಿನ ಗತೆ ಒಯ್ಯಾಕತ್ತೀನಿ, ಸಾವಕಾಶ ಹೊಡಿಯೋ” ಎಂದು ಹಿಂದಿನಿಂದ ಗದರುತ್ತಾಳೆ. ನಿಮ್ಮ ಬಗ್ಗೆ ಬರೆಯಲೇ ಎಂದು ಕೇಳಿದಾಗ ಆಕೆ ಹಾಕಿದ ಷರತ್ತು ಒಂದೇ: “ಬರಿ ತಂಗಿ. ಆದ್ರ ಆದಮ್ಮ ಜ್ವಾಳದ ಹಿಟ್ಟಿಗೆ ಗೋದಿ ಬೆರಸ್ತಾಳ ಅಂತ ಯಾರರ ಅಂದ್ರ, ಅದು ಸುಳ್ಳು ಅಂತಾನೂ ಬರಿ.”

ಬರೆದಿದ್ದೇನೆ. ಅದು ಸುಳ್ಳು.

ಆದಮ್ಮ ಮದುವೆಯಾಗಿ ಬಂದ ಮನೆಯಲ್ಲಿ ಗಂಡ ಹೊಡೆಯುತ್ತಿದ್ದ. ಅದನ್ನು ಆಕೆ ಹಳೆಯ ಮಳೆಗಾಲದ ಸುದ್ದಿಯಂತೆ ಹೇಳುತ್ತಾಳೆ. ಹೊಡೆತ ಶುರುವಾದರೆ ಅತ್ತೆ ಕೌದಿಯನ್ನು ಮುಖದ ಮೇಲೆಳೆದುಕೊಂಡು ಮಲಗಿಬಿಡುತ್ತಿದ್ದಳಂತೆ. ಗಂಡ ತೀರಿಹೋದ ಮೇಲೆ ರೊಟ್ಟಿ ಮಾರಿ ಒಬ್ಬನೇ ಮಗ ದುರುಗೇಶನನ್ನು ಬೆಳೆಸಿದಳು. ಅವನು ಗೌಂಡಿ ಕೆಲಸ ಕಲಿತ, ಗೋಡೆ ಕಟ್ಟುವುದರಲ್ಲಿ ಒಳ್ಳೆಯ ಹೆಸರು ಮಾಡಿದ. ಸಿಂಧನೂರಿನಾಚೆಯ ಮುಕ್ಕುಂದದಿಂದ ರೂಪಾ ಸೊಸೆಯಾಗಿ ಬಂದಳು. ಮೊಮ್ಮಗಳು ಹುಟ್ಟಿದಳು. ಆಮೇಲೆ ಯಾವಾಗಲೋ ದುರುಗೇಶನೂ ಕುಡಿದು ಬಂದು ಕೈ ಎತ್ತತೊಡಗಿದ.

“ಆಗ ನಮ್ಮತ್ತಿ ಕೌದಿ ನೆನಪಾತು ನೋಡು,” ಎಂದಳು ಆದಮ್ಮ. ಆಕೆ ಕೌದಿ ಎಳೆದುಕೊಳ್ಳಲಿಲ್ಲ. ಮಗ ಸೊಸೆಯ ಕೋಣೆಯ ಹೊಸ್ತಿಲಿಗೆ ಅಡ್ಡಲಾಗಿ ಚಾಪೆ ಹಾಸಿಕೊಂಡಳು. ಅಲ್ಲಿಂದ ಮುಂದೆ ಆಕೆಗೆ ಅರೆನಿದ್ದೆಯೇ ಅಭ್ಯಾಸವಾಯಿತು. ಅದಕ್ಕೂ ಅವನು ಬಗ್ಗಲಿಲ್ಲ, ಒಮ್ಮೆ ಅವನ ಹೊಡೆತಕ್ಕೆ ರೂಪಾಳ ಕಿವಿಯೋಲೆ ಕಿತ್ತು ರಕ್ತ ಬಂತು. ಮರುದಿನ ಮಸ್ಕಿಯ ಖಾನಾವಳಿಗಳಿಗೆ ರೊಟ್ಟಿ ಹೋಗಲಿಲ್ಲ. ಸೊಸೆ, ಮೊಮ್ಮಗಳು, ಟ್ರಂಕು ಎಲ್ಲವನ್ನೂ ಬಸ್ಸಿಗೆ ಹತ್ತಿಸಿ ಆದಮ್ಮನೇ ಮುಕ್ಕುಂದಕ್ಕೆ ಬಿಟ್ಟು ಬಂದಳು.

ಓಣಿಯವರು “ಸೊಸೀನ ಹೊರಗ ಹಾಕಿದಳು” ಎಂದರು. “ಹೊರಗ ಹಾಕಿಲ್ಲಬೇ, ಜೋಪಾನ ಇಟ್ಟು ಬಂದೀನಿ” ಎಂದಳು ಆದಮ್ಮ. ಮಗನಿಗೆ ಹೇಳಿದ್ದು ಇನ್ನೂ ಚಿಕ್ಕದು: “ನಾ ಕರಕೊಂಡು ಬರೂತನಕ ಆ ಊರಿನ ಕಡೆ ಹೊಳ್ಳಿ ನೋಡಬ್ಯಾಡ.”

ನಾನು ಆಕೆಯನ್ನು ಕಂಡದ್ದು ಕೆಲಸದ ಮೇಲೆ. ಹೆಂಗಸರ ಮೇಲಿನ ಹೊಡೆತ ತಡೆಯಲೆಂದು ಒಂದು ಸಂಸ್ಥೆ ಈ ಭಾಗದ ಕೆಲವು ಊರುಗಳಲ್ಲಿ ಓಣಿ ಕೂಟಗಳನ್ನು ಕಟ್ಟಿತ್ತು, ಹೆಂಗಸರದೊಂದು, ಗಂಡಸರದೊಂದು. ಕೂಟ ನಡೆಸುವವರು ನಾವಲ್ಲ. ಕೂಟದಿಂದ ಏನಾದರೂ ಬದಲಾಯಿತೇ ಎಂದು ಮನೆ ಮನೆಗೆ ಹೋಗಿ ಕೇಳಿ ತಿಳಿಯುವುದು ನಮ್ಮ ತಂಡದ ಕೆಲಸ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ, ಲಿಂಗಸುಗೂರಿನಲ್ಲಿ ನಮ್ಮ ಕಚೇರಿ, ಸಿಂಧನೂರಿನಲ್ಲಿ ನನ್ನ ಮನೆ. ಕೂಸನ್ನು ಅತ್ತೆಯವರ ಮಡಿಲಲ್ಲಿ ಬಿಟ್ಟು, ಅದು ಅಳುವ ಮೊದಲೇ ಬೀದಿ ದಾಟಿ ಬಸ್ಸು ಹಿಡಿಯುತ್ತಿದ್ದೆ.

ಸಂತೆಕಲ್ಲೂರಿನ ಹೆಂಗಸರ ಕೂಟ ತನ್ನದೇ ಒಂದು ಉಪಾಯ ಹುಡುಕಿಕೊಂಡಿತ್ತು. ನಮ್ಮ ಕಡೆ ದೀಪ ಹಚ್ಚಿದ ಮೇಲೆ ಯಾರೂ ಇನ್ನೊಬ್ಬರ ಮನೆಗೆ ಹೆಪ್ಪು ಕೇಳಲು ಹೋಗುವುದಿಲ್ಲ, ಕೇಳಿದರೂ ಕೊಡುವುದಿಲ್ಲ. ಮನೆಯ ಲಕ್ಷ್ಮಿ ಹೊರಗೆ ಹೋಗುತ್ತಾಳೆಂಬ ನಂಬಿಕೆ. ಆದ್ದರಿಂದಲೇ ಅವರು ಹೆಪ್ಪನ್ನು ಆರಿಸಿಕೊಂಡಿದ್ದರು. ಸಂಜೆ ಯಾರ ಮನೆಯಲ್ಲಾದರೂ ದನಿ ಏರಿದರೆ, ನೆರೆಯವಳು ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತು “ಹೆಪ್ಪು ಐತೇನ್ಬೇ?” ಎನ್ನುವುದು. ಹಿಂದೆಯೇ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಈ ಹೊತ್ತಿನಲ್ಲಿ ಹೆಪ್ಪು ಕೇಳುವುದೆಂದರೆ ಒಳಗಿನದು ಹೊರಗೆ ಕೇಳಿಸಿದೆ ಎಂದರ್ಥ. ಬಾಗಿಲಲ್ಲಿ ಬಟ್ಟಲುಗಳು ಸಾಲಾಗಿ ನಿಂತಿರುವಾಗ ಒಳಗೆ ಎತ್ತಿದ ಕೈ ತಾನಾಗಿ ಇಳಿಯುತ್ತಿತ್ತು. ಈ ಉಪಾಯವನ್ನು ಹೇಳಿಕೊಟ್ಟವರು ಯಾರೆಂದು ನಾನು ಎಷ್ಟು ಕೇಳಿದರೂ ಅವರು ಒಬ್ಬರನ್ನೊಬ್ಬರು ತೋರಿಸಿ ನಗುತ್ತಿದ್ದರು.

ಕೂಟ ಶುರುವಾಗುವ ಮೊದಲು, ಯುಗಾದಿ ಕಳೆದ ಹೊಸದರಲ್ಲಿ, ನಾವು ಒಮ್ಮೆ ಮನೆ ಮನೆ ಕೇಳಿದ್ದೆವು: ಈಚಿನ ವಾರಗಳಲ್ಲಿ ಹೊಡೆತ ಆಯಿತೇ, ಬೈಗುಳ, ಬೆದರಿಕೆ ಆಯಿತೇ? ಮರುವರ್ಷ ಅದೇ ಮನೆಗಳಲ್ಲಿ ಅದೇ ಪ್ರಶ್ನೆ. ಎರಡನೆಯ ಸಲದ ಉತ್ತರಗಳನ್ನು ಕೂಡಿಸಿ ನೋಡಿದಾಗ ನಮ್ಮ ಮೇಲ್ವಿಚಾರಕ ಶಿವಕಾಂತ ಅವರಿಗೆ ಹಿಗ್ಗೋ ಹಿಗ್ಗು. ಹೊಡೆತ ಹೆಚ್ಚೂ ಕಡಿಮೆ ನಿಂತೇ ಹೋದಂತಿತ್ತು. ಊರವರಿಗೂ ತಿಳಿಯಲಿ ಎಂದು ಸಂತೆಕಲ್ಲೂರಿನ ಕಟ್ಟೆಯ ಮೇಲೆ ನಿಂತು ಅವರೇ ಹೇಳಿದರು. ಚಪ್ಪಾಳೆ ಬಿತ್ತು. ಗಂಡಸರ ಕೂಟದಲ್ಲಿ ಕುಳಿತಿದ್ದ ದುರುಗೇಶ ಎದ್ದು ತಾಯಿಯ ಹತ್ತಿರ ಬಂದ.

“ಯವ್ವಾ, ಕೇಳಿದಿ? ಇನ್ನರ ಕರಕೊಂಡು ಬಾ.”

ಆದಮ್ಮ ಅವನನ್ನು ಅಲ್ಲೇ ಬಿಟ್ಟು ಬಂದಳು. ನನ್ನನ್ನು ಕಟ್ಟೆಯ ಮರೆಗೆ ಕರೆದಳು.

“ತಂಗಿ, ಖರೇ ಏನು?”

“ಲೆಕ್ಕ ಹಂಗ ಬಂದೈತಿ ಯಕ್ಕಾ. ನಾ ಒಬ್ಬೊಬ್ಬರ ಮನಿದು ಹೇಳಂಗಿಲ್ಲ, ಊರಿಂದ ಹೇಳಬಹುದು.”

“ನೋಡು, ನಾ ತಾಯಿ. ನನ್ನ ಕಣ್ಣಿನ ಮ್ಯಾಲೆ ನನಗ ನಂಬಿಕಿ ಇಲ್ಲ. ಅವ ಒಂದೀಟು ನಕ್ಕರ ನನಗ ಎಲ್ಲಾ ಚಲೋ ಕಾಣ್ತೈತಿ. ನೀವು ಹೊರಗಿನವ್ರು. ನೀವು ಚಲೋ ಆಗೈತಿ ಅಂದ್ರ ಸೈ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಪಂಚಮಿಗೆ ಹೋದ ಸೊಸ್ತೇರು ಈಗ ಒಬ್ಬೊಬ್ಬರ ತಿರುಗಿ ಬರಾಕತ್ತಾರ. ಅವರ ಜೋಡಿ ನಮ್ಮಾಕೀನೂ ಬಂದ್ರ ಯಾರೂ ಏನೂ ಅನ್ನಂಗಿಲ್ಲ. ಹಬ್ಬಕ್ಕ ಹೋಗಿದ್ಲು, ಬಂದ್ಲು ಅಂತಾರ. ನಾಳೆ ಹೊಂಟೆ.”

ಹಬ್ಬದ ಹೆಸರಿನಲ್ಲಿ ಸೊಸೆಯ ಮಾನ ಉಳಿಸಿ ಮನೆಗೆ ತರುವ ಆ ಯೋಚನೆ ನನಗೂ ಎಷ್ಟು ಹಿಡಿಸಿತೆಂದರೆ ಬಸ್ಸಿನಲ್ಲಿ ಮನೆಗೆ ಬರುವಾಗ ಸುಮ್ಮನೆ ನಗುತ್ತಿದ್ದೆ.

ಮರುದಿನ ಬೆಳಿಗ್ಗೆ ಕೂಸಿಗೆ ಅನ್ನ ಹಾಲು ತಿನ್ನಿಸುತ್ತಿದ್ದೆ. ನನ್ನ ಗಂಡ ಗುರುಬಸವ ಬೀಜ ಗೊಬ್ಬರದ ಅಂಗಡಿಗೆ ಹೊರಟವರು ಕ್ಯಾಲೆಂಡರಿನ ಮುಂದೆ ನಿಂತು ಏನೋ ಹುಡುಕುತ್ತಿದ್ದರು.

“ಏನು ನೋಡಾಕತ್ತೀರಿ?”

“ಅಮವಾಸಿ ಎಂದೈತಿ ಅಂತ.”

“ಯಾಕ?”

“ಹಂಗ ಸುಮ್ನ.” ಆಮೇಲೆ ನಾಚಿಕೊಂಡು ಅಂದರು: “ಶ್ರಾವಣ ಬಿಟ್ಟ ಮ್ಯಾಲೆ ಗುಟ್ಕಾ ಹಾಕ್ಕೊಬಹುದಲ್ಲ.”

ನಮ್ಮವರು ವರ್ಷವಿಡೀ ಗುಟ್ಕಾ ಅಗಿಯುತ್ತಾರೆ. ಶ್ರಾವಣ ಬಂತೆಂದರೆ ಮುಟ್ಟುವುದಿಲ್ಲ. ಆ ತಿಂಗಳು ಅತ್ತೆ ಮಗನನ್ನು ಹೊಗಳಿ ಹೊಗಳಿ ಸುಸ್ತಾಗುತ್ತಾರೆ. ಅಮಾವಾಸ್ಯೆ ಕಳೆದ ಬೆಳಿಗ್ಗೆ ಅಂಗಿಯ ಜೇಬಿನಲ್ಲಿ ಮತ್ತೆ ಅದೇ ಗುಟ್ಕಾ ಪೊಟ್ಟಣ ಸಿಗುತ್ತದೆ. ಕೂಸಿನ ಬಾಯಿಗೆ ಒಯ್ದ ನನ್ನ ಕೈ ಅಲ್ಲೇ ನಿಂತಿತು. ಈ ಮನೆಯಲ್ಲಿ ಗುಟ್ಕಾ ಹೇಗೋ, ಊರೂರುಗಳಲ್ಲಿ ಸೆರೆಯ ಕುಡಿತ ಹಾಗೆ. ಶ್ರಾವಣದಲ್ಲಿ ಕುಡಿಯುವವರಿಲ್ಲ, ಖಂಡ ತರುವವರಿಲ್ಲ. ಸೋಮವಾರ ಬರಿಗಾಲಲ್ಲಿ ಮಸ್ಕಿಯ ಮಲ್ಲಯ್ಯನ ಗುಡ್ಡ, ಸಂಜೆ ಮಠದಲ್ಲಿ ಪುರಾಣ. ಮೊದಲ ಸಲ ನಾವು ಕೇಳಿದ್ದು ಯುಗಾದಿ ಕಳೆದ ಮೇಲೆ, ಎರಡನೆಯ ಸಲ ಶ್ರಾವಣದ ನಡುವೆ.

ಶಿವಕಾಂತ ಅವರಿಗೆ ಫೋನು ಹಚ್ಚಿದೆ.

“ಸರ್, ಎರಡನೇ ಸಲ ನಾವು ಶ್ರಾವಣದಾಗ ಕೇಳೀವಿ.”

“ಬೆಂಗಳೂರಿನವ್ರು ಆ ತಾರೀಖು ಕೊಟ್ಟಿದ್ರು, ಶಿವರಂಜನಿ.”

“ಆ ತಾರೀಖಿನಾಗ ಇಡೀ ತಾಲೂಕಿನಾಗ ಯಾರೂ ಕುಡದಿಲ್ಲರಿ ಸರ್.”

“ಅಯ್ಯ,” ಎಂದರು. “ನಾನೂ ಬಿಟ್ಟೀನಲ್ಲವಾ!”

ಇಬ್ಬರೂ ಇಲ್ಲೇ ಹುಟ್ಟಿ ಬೆಳೆದವರು. ಹೊರಗಿನವರಿಗೆ ಹೊಳೆಯದಿದ್ದರೆ ಸರಿ, ನಮಗೂ ಹೊಳೆಯಲಿಲ್ಲ. ನಮಗೆ ಶ್ರಾವಣ ಉಸಿರಾಟದಷ್ಟು ಸಹಜ, ಅದು ಲೆಕ್ಕದಲ್ಲಿ ಬರುವ ಸಂಗತಿಯೆಂದು ಯಾರು ತಿಳಿಯುತ್ತಾರೆ? ಅಷ್ಟರಲ್ಲಿ ಆದಮ್ಮ ಮನೆ ಬಿಟ್ಟಿರುತ್ತಾಳೆ ಎಂಬುದು ನೆನಪಾಯಿತು. ಆಕೆಯ ಫೋನು ಹತ್ತಲಿಲ್ಲ. ಸಂತೆಕಲ್ಲೂರಿನಿಂದ ಮುಕ್ಕುಂದಕ್ಕೆ ಹೋಗುವವರು ಸಿಂಧನೂರಿನಲ್ಲಿ ಬಸ್ಸು ಬದಲಿಸಲೇಬೇಕು. ಅತ್ತೆಯವರು ಪೂಜೆಗೆ ಕುಳಿತಿದ್ದರು, ಕೂಸನ್ನು ಬಿಡುವಂತಿರಲಿಲ್ಲ. ಅನ್ನ ಮೆತ್ತಿದ ಬಾಯಿಯ ಕೂಸನ್ನು ಹಾಗೇ ಸೊಂಟಕ್ಕೇರಿಸಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಆದಮ್ಮ ಕಲ್ಲಿನ ಬೆಂಚಿನ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ ಬೀಗರಿಗೆಂದು ರೊಟ್ಟಿಯ ಗಂಟು, ಅದರ ಮೇಲೆ ಮೊಮ್ಮಗಳಿಗೆ ಕೊಂಡ ಹಳದಿ ಫ್ರಾಕು. ನನ್ನನ್ನು ಕಂಡು ಮುಖ ಅರಳಿತು. “ನೀನೂ ಬರ್ತೀಯೇನು? ಬಾ ಬಾ, ಕೂಸಿಗೂ ಹೊಳಿ ತೋರಸೂಣು.”

ಪಕ್ಕದಲ್ಲಿ ಕುಳಿತು ಹೇಳಿದೆ. ಹೇಳುತ್ತಿದ್ದಂತೆ ಆಕೆ ಫ್ರಾಕನ್ನು ಮಡಚುತ್ತ ಹೋದಳು. ಮಡಚಲು ಇನ್ನೇನೂ ಉಳಿಯದಾದಾಗ ಕೇಳಿದಳು:

“ಅಂದ್ರ ನನ್ನ ಮಗ ಬದಲಾಗಿದ್ದು ಸುಳ್ಳೇನು?”

“ಸುಳ್ಳು ಅಂತ ಅಲ್ಲ ಯಕ್ಕಾ. ಖರೇ ಅನ್ನಾಕೂ ಬರಂಗಿಲ್ಲ. ನಮಗ ಗೊತ್ತಿಲ್ಲ, ಅಷ್ಟ. ನಿನ್ನೆ ಗೊತ್ತೈತಿ ಅಂದ್ವಿ.”

ಆದಮ್ಮ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಆಕೆ ನಕ್ಕಳು, ಸಂತೋಷದ ನಗುವಲ್ಲ. “ಇವನಪ್ಪನೂ ಶ್ರಾವಣದಾಗ ಕೈ ಎತ್ತತಿರಲಿಲ್ಲ. ಗುಡ್ಡ ಹತ್ತಿ ಕಾಯಿ ಒಡಿಸಿಕೊಂಡು ಬಂದು ನನಗ ಅರ್ಧ ಹೋಳು ಕೊಡತಿದ್ದ. ಎಷ್ಟು ಚಲೋ ಗಂಡ ಸಿಕ್ಕಾನ ಅಂತ ನಮ್ಮವ್ವ ಹಿಗ್ಗತಿದ್ಲು. ಅಮವಾಸಿ ಮರುದಿನ ಸಂಜಿಕ ಮತ್ತ ಶುರು. ಅಷ್ಟು ವರ್ಷ ಅನುಭೋಗಿಸೀನಿ, ನನಗರ ಹೊಳೀಬ್ಯಾಡೇನು?”

“ಯಾರಿಗೂ ಹೊಳೀಲಿಲ್ಲ ಯಕ್ಕಾ.”

ಮುಕ್ಕುಂದದ ಬಸ್ಸು ಬಂದು ನಿಂತಿತು. ಆದಮ್ಮ ಎದ್ದಳು. ಈಗ ಕರೆತರದಿದ್ದರೆ ಹಬ್ಬದ ನೆಪ ತಪ್ಪುತ್ತದೆ, ಮುಂದೆ ಊರಿನ ಬಾಯಿಗೆ ಸಿಕ್ಕಬೇಕಾಗುತ್ತದೆ. ಕರೆತಂದರೆ, ಶ್ರಾವಣ ಬಿಟ್ಟ ಸಂಜೆ ಮತ್ತೆ ಹೊಸ್ತಿಲ ಚಾಪೆ. “ನಡಿ,” ಎಂದಳು. “ತಂದ ರೊಟ್ಟಿ ಕೊಟ್ಟು, ಇದ್ದದ್ದು ಇದ್ದಂಗ ಹೇಳಿ ಬರೂಣು. ಆಕಿ ಏನಂತಾಳ ಕೇಳೂಣು.”

ಕಾಲುವೆಯ ನೀರು ತುಂಬಿದ ಭತ್ತದ ಗದ್ದೆಗಳ ನಡುವೆ ಬಸ್ಸು ಸಾಗಿತು. ದಾರಿಯುದ್ದಕ್ಕೂ ನನ್ನ ಕೂಸು ಆ ಹಳದಿ ಫ್ರಾಕನ್ನು ಜಗಿಯುತ್ತಿತ್ತು. ಆದಮ್ಮ ಬಿಡಿಸಿಕೊಳ್ಳಲಿಲ್ಲ.

ರೂಪಾ ಬಾಗಿಲಲ್ಲೇ ಇದ್ದಳು. ಒಳಗೆ ಕಟ್ಟಿಟ್ಟ ಟ್ರಂಕು ಕಾಣುತ್ತಿತ್ತು. ಬೆಳಿಗ್ಗೆ ದುರುಗೇಶ ಫೋನು ಮಾಡಿ, ಅವ್ವ ಬರುತ್ತಿದ್ದಾಳೆ, ತಯಾರಾಗು ಎಂದಿದ್ದನಂತೆ. ನೀರು ಕುಡಿದು ಆದಮ್ಮ ನನ್ನ ಕಡೆ ನೋಡಿದಳು. ನಾನು ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ. ರೂಪಾ ತಲೆ ಬಗ್ಗಿಸಿ ಕೇಳಿದಳು. ಮುಗಿದ ಮೇಲೆ ದೊಡ್ಡ ಉಸಿರು ಬಿಟ್ಟು ಟ್ರಂಕಿನ ಮೇಲೆ ಕುಸಿದು ಕುಳಿತಳು.

“ಅತ್ತಿ, ನಾ ಮುಂಜಾನಿಂದ ಇದನ್ನ ಅನ್ನಬೇಕಂತಿದ್ದೆ. ಬಾಯಿ ಬರಲಿಲ್ಲ. ನೀವು ಖುಷಿಲೆ ಬರ್ತೀರಿ, ನಾ ಹೆಂಗ ಬ್ಯಾಡ ಅನ್ಲಿ ಅಂತ ಸುಮ್ನ ಟ್ರಂಕು ಕಟ್ಟಿದೆ.”

“ಹುಚ್ಚಿ,” ಎಂದಳು ಆದಮ್ಮ. “ಅನ್ನಬೇಕಿಲ್ಲೇನು?”

“ಶ್ರಾವಣ ಬಿಟ್ಟ ಮ್ಯಾಲೆ ನೋಡೂಣು ಅತ್ತಿ.”

ಇಬ್ಬರೂ ಒಮ್ಮೆಲೇ ಹಗುರಾದರು. ಅಲ್ಲಿಯವರೆಗೆ ಮನೆಯಲ್ಲಿ ತಡೆದು ನಿಂತಿದ್ದ ಮಾತು ಈಗ ಸುರಿಯತೊಡಗಿತು: ರೊಟ್ಟಿ ಎಷ್ಟು ತಂದೀರಿ, ಫ್ರಾಕು ಯಾರು ಜಗಿದದ್ದು, ಉಣ್ಣದೆ ಹೋಗಬ್ಯಾಡ್ರಿ. ಆದಮ್ಮ ಮಗನಿಗೆ ಫೋನು ಮಾಡಿ ವಿಷಯ ತಿಳಿಸಿದಾಗ ಅವನ ದನಿ ನಮಗೆಲ್ಲ ಕೇಳುವಷ್ಟು ಏರಿತು. “ಯವ್ವಾ, ಅಷ್ಟು ಮಂದಿ ಮುಂದ ಚಲೋ ಆಗೈತಿ ಅಂದ್ರು! ನಿನಗ ನನ್ನ ಮ್ಯಾಲೆ ನಂಬಿಕಿ ಇಲ್ಲಂದ್ರ ಹೇಳಿಬಿಡು!”

ರೂಪಾ ಅತ್ತೆಯ ಕೈಯಿಂದ ಫೋನು ತೆಗೆದುಕೊಂಡಳು. “ಶ್ರಾವಣದಾಗ ಎಲ್ಲಾರೂ ಶರಣರ. ಆಮ್ಯಾಲೆ ಹೆಂಗಿರ್ತಿ ನೋಡ್ತೀನಿ,” ಎಂದು ಫೋನು ಕೆಳಗಿಟ್ಟಳು. ಆಮೇಲೆ ನಮಗೆಲ್ಲ ತಟ್ಟೆ ಹಾಕಿದಳು. ತಾನೂ ಉಂಡಳು, ಚೆನ್ನಾಗಿಯೇ ಉಂಡಳು.

ಅಮಾವಾಸ್ಯೆ ಕಳೆಯಿತು. ಶ್ರಾವಣ ಬಿಟ್ಟ ಸಂಜೆ ಏನಾಯಿತೆಂಬುದನ್ನು ನಾನು ಕಂಡಿಲ್ಲ; ಮಸ್ಕಿಯಲ್ಲಿ ರೊಟ್ಟಿಯ ಗಂಟು ಬಿಚ್ಚುತ್ತ ಆದಮ್ಮ ಹೇಳಿದ್ದು. ಸಂತೆಕಲ್ಲೂರಿನ ಮನೆಮನೆಯಲ್ಲೂ ಖಂಡದ ಸಾರಿನ ವಾಸನೆ. ದುರುಗೇಶ ಕುಡಿದೇ ಬಂದ. ಆದಮ್ಮನ ಎದೆ ಒಡೆದುಹೋಯಿತು. ಅವನು ಉಂಡು ಅಂಗಳದ ಹಾಸುಕಲ್ಲಿನ ಮೇಲೆ ಕುಳಿತ. ಅಷ್ಟರಲ್ಲಿ ಪಕ್ಕದ ಹೊನ್ನೂರಪ್ಪನ ಮನೆಯಲ್ಲಿ ದನಿ ಎದ್ದಿತು. ಹೊನ್ನೂರಪ್ಪ ಹೆಂಡತಿ ಮುದುಕಮ್ಮನ ಮೇಲೆ ಕೂಗಾಡುತ್ತಿದ್ದ, ಪಾತ್ರೆ ಬಿದ್ದ ಸದ್ದಾಯಿತು. ಆದಮ್ಮ ಬಟ್ಟಲು ತರಲು ಒಳಗೆ ಹೋದಳು. ತೆಗೆದುಕೊಂಡು ಬರುವಷ್ಟರಲ್ಲಿ ದುರುಗೇಶ ಅದನ್ನು ಆಕೆಯ ಕೈಯಿಂದ ಕಸಿದುಕೊಂಡು ಹೊರಟಿದ್ದ.

ಹೊನ್ನೂರಪ್ಪನ ಬಾಗಿಲಲ್ಲಿ ನಿಂತು ಕೂಗಿದ: “ಯಕ್ಕಾ, ಹೆಪ್ಪು ಐತೇನು?”

ಓಣಿಯ ಬಾಗಿಲುಗಳೆಲ್ಲ ತೆರೆದವು. ಹೆಪ್ಪು ಕೇಳಲು ಗಂಡಸು ಬಂದದ್ದು ಅದೇ ಮೊದಲು. ಹೊನ್ನೂರಪ್ಪ ಹೊರಗೆ ಬಂದ.

“ಲೇ ದುರುಗ್ಯಾ, ನಿನಗ್ಯಾಕಲೇ ಹೆಪ್ಪು? ಹೆಂಡ್ತಿ ತವರಾಗದಾಳ, ನಿಮ್ಮನ್ಯಾಗ ಹಾಲು ಕಾಸೋರು ಯಾರಲೇ?”

“ಹಾಲಿಲ್ಲ ಮಾಮಾ. ಮೊದಲ ಹೆಪ್ಪು ಕೊಡು, ಹಾಲು ಆಮ್ಯಾಲೆ ತರ್ತೀನಿ.”

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇಡೀ ಓಣಿ ನಕ್ಕಿತು. “ಬಾಡಕೋ ನಿಮ್ಮವ್ವನ ಕಡೆ ಹೋಗಿ ಕೇಳಲೇ” ಎಂದು ಹೊನ್ನೂರಪ್ಪ ಬೈದ, ದುರುಗೇಶ ಕದಲಲಿಲ್ಲ. “ಇಲ್ಲೇ ಕುಂಡ್ರತೀನಿ ಮಾಮಾ, ಸಾವಕಾಶ ಕೊಡು” ಎಂದು ಕಟ್ಟೆಯ ಮೇಲೆ ಕುಳಿತೇಬಿಟ್ಟ. ಹೊನ್ನೂರಪ್ಪ ಸಿಟ್ಟು ಇಳಿದು ಒಳಗೆ ಹೋಗಿ ಮಲಗುವವರೆಗೂ ಕುಳಿತಿದ್ದ. ಎದ್ದು ಬರುವಾಗ ಮುದುಕಮ್ಮ ನಂಬಿಕೆಯನ್ನೆಲ್ಲ ಬದಿಗಿಟ್ಟು ಬಟ್ಟಲಿಗೆ ಒಂದು ಚಮಚ ಹೆಪ್ಪು ಹಾಕಿದಳು.

“ಹಾಲಿಲ್ಲದ ಮನಿಗೆ ಹೆಪ್ಪು ತಂದಾನ ನೋಡು ನನ್ನ ಮಗ,” ಎಂದು ಆದಮ್ಮ ಕಣ್ಣೊರೆಸಿಕೊಂಡು ನಕ್ಕಳು. ತಕ್ಷಣ ಮುಖ ಗಂಭೀರ ಮಾಡಿ, “ಒಂದು ಸಂಜಿ ಆತು, ಅಷ್ಟ. ಇನ್ನ ನೋಡೂಣು,” ಎಂದಳು.

ಸುದ್ದಿ ಮುಕ್ಕುಂದಕ್ಕೆ ನನಗಿಂತ ಮೊದಲೇ ಮುಟ್ಟಿತ್ತು. ಮುದುಕಮ್ಮನೇ ಫೋನು ಮಾಡಿದ್ದಳು. ರೂಪಾ ನಕ್ಕಳಂತೆ. ನಕ್ಕರೂ ಟ್ರಂಕು ಎತ್ತಲಿಲ್ಲ. ಗಣಪತಿ ಹಬ್ಬಕ್ಕೆ ಉಟ್ಟ ಬಟ್ಟೆಯಲ್ಲಿ ಬಂದು, ಹಗಲಿದ್ದು, ಸಂಜೆಯ ಬಸ್ಸಿಗೆ ವಾಪಸು ಹೋದಳು. ದಸರೆಗೆ ಒಂದು ಚೀಲ ತಂದಳು. ಊರವರು ಒಂದೆರಡು ಮಾತು ಆಡಿದರು, ಆದಮ್ಮ, “ನಮ್ಮ ಸೊಸಿ ಮನಿ ಪಸಂದ್ ಬರತೈತೋ ಇಲ್ಲೋ ನೋಡಾಕತ್ತಾಳ, ನಿಮಗೇನು ಸಂಕಟ?” ಎಂದು ಬಾಯಿ ಮುಚ್ಚಿಸಿದಳು. ಬನ್ನಿ ಕೊಟ್ಟು ತೆಗೆದುಕೊಂಡ ಮೇಲೆ ಒಂದು ದಿನ ಟ್ರಂಕು ಬಂತು. ಅದನ್ನು ಬಸ್ಸಿನ ಮೇಲಿಂದ ಇಳಿಸಿಕೊಂಡವನು ದುರುಗೇಶ.

ನಾವು ಬೆಂಗಳೂರಿಗೆ ಬರೆದು, ಶ್ರಾವಣದ ಲೆಕ್ಕ ಬಿಟ್ಟು ಮತ್ತೊಮ್ಮೆ ಮನೆ ಮನೆ ಕೇಳಿದೆವು. ಅವರು ಮೊದಲು ಗೊಣಗಿ ಆಮೇಲೆ ಒಪ್ಪಿದರು. ಹೊಸ ಉತ್ತರಗಳು ಶ್ರಾವಣದಷ್ಟು ಹೊಳೆಯುತ್ತಿರಲಿಲ್ಲ. ಕೆಲವು ಮನೆಗಳಲ್ಲಿ ಹಳೆಯದೇ ಹಾಡು. ಆದರೆ ಕೂಟ ಇಲ್ಲದಿದ್ದಾಗಿನದಕ್ಕೆ ಹೋಲಿಸಿದರೆ ಹೊಡೆತ ಕಡಿಮೆಯಾದದ್ದು ನಿಜವಾಗಿತ್ತು, ಸೆರೆ ಹರಿಯುವ ತಿಂಗಳಲ್ಲೂ ನಿಜವಾಗಿತ್ತು. ಶಿವಕಾಂತ ಅವರು ಎರಡು ಸಲ ಕೂಡಿಸಿ ನೋಡಿ, “ಸಣ್ಣದೈತಿ. ಆದ್ರ ಇದು ಗಟ್ಟಿ ಐತಿ,” ಎಂದು ಚಹಾ ತರಿಸಿದರು. ಕೂಟಗಳು ಮುಂದುವರಿಯುತ್ತವೆ ಎಂದು ಆಮೇಲೆ ತಿಳಿಯಿತು.

ಆ ಸಲ ರೂಪಾಳನ್ನೂ ಕೇಳಿದೆ, ಈಗ ಅವಳು ಸಂತೆಕಲ್ಲೂರಿನ ಮನೆಯವಳು. ಅವಳು ಏನೆಂದಳೆಂದು ಇಲ್ಲಿ ಬರೆಯುವಂತಿಲ್ಲ. ಬಾಗಿಲು ಹಾಕಿಕೊಂಡು ಹೇಳಿದ ಮಾತು ಅದು. ಹೊರಗೆ ಒಲೆಯ ಮುಂದೆ ಕುಳಿತಿದ್ದ ಆದಮ್ಮನೂ ಕೇಳಲಿಲ್ಲ. ರೊಟ್ಟಿ ಬಡಿಯುವುದನ್ನು ಮಾತ್ರ ಒಂದು ಕ್ಷಣ ನಿಲ್ಲಿಸಿ, ನನ್ನ ಕಡೆ ನೋಡಿ, ಮತ್ತೆ ಬಡಿಯತೊಡಗಿದಳು.

ಹೋದ ವಾರ ಮಸ್ಕಿಯಲ್ಲಿ ಲಿಂಗಸುಗೂರಿನ ಬಸ್ಸು ಹತ್ತಿದೆ. ಕಿಟಕಿಯ ಹತ್ತಿರ ಆದಮ್ಮ ಕುಳಿತಿದ್ದುದನ್ನು ಕಂಡು ಆಶ್ಚರ್ಯವಾಯಿತು. ಸೊಸೆಯ ಕೆಲಸಕ್ಕಲ್ಲದೆ ಆಕೆ ಮಸ್ಕಿ ಬಿಟ್ಟು ಬೇರೆಲ್ಲಿಗೂ ಹೋಗುವುದೇ ಇಲ್ಲ. ರೊಟ್ಟಿ ಕೊಟ್ಟವಳೇ ಮನೆ ಕಾಯಲು ಓಡುತ್ತಾಳೆ.

“ಎಲ್ಲಿಗೆ ಯಕ್ಕಾ?”

“ಲಿಂಗಸುಗೂರಾಗ ನಮ್ಮಕ್ಕ ಅದಾಳಲ್ಲ. ಬಾ ಬಾ ಅಂತ ಎಷ್ಟು ವರ್ಷದಿಂದ ಕರಿತಾಳ. ನಾಕು ದಿನ ಇದ್ದು ಬರ್ತೀನಿ.”

“ಮನ್ಯಾಗ?”

“ಮನ್ಯಾಗ ಅವರದಾರ.” ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿ, ರೊಟ್ಟಿಯ ಗಂಟನ್ನು ನನ್ನ ತೊಡೆಗೆ ದಾಟಿಸಿದಳು. “ಜರಾ ಹಿಡಿ ತಂಗಿ, ಮುರದೀತು. ನನಗ ನಿದ್ದಿ ಬರಾಕತ್ತೈತಿ.”

ಊರು ದಾಟುವ ಮೊದಲೇ ಆಕೆಯ ತಲೆ ನನ್ನ ಹೆಗಲಿಗೆ ವಾಲಿತು. ಬಸ್ಸು ಗುಂಡಿಗಿಳಿದರೂ ಎಚ್ಚರವಾಗಲಿಲ್ಲ. ನಾನು ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕುಳಿತೆ.